ಒಂದೇ ಸಲ ಒತ್ತಿ, ಕಾಲು ತೆಗೆಯಿರಿ

ಅರವತ್ತರ ದಶಕದ ಅಮೆರಿಕನ್ ಮಸಲ್ ಕಾರುಗಳ ಬಗ್ಗೆ ಬರೆಯುವವರಲ್ಲಿ ಈಚೆಗೆ ಒಂದು ಹೊಗಳಿಕೆ ಸವೆದ ನಾಣ್ಯದಂತೆ ಕೈಯಿಂದ ಕೈಗೆ ಓಡಾಡುತ್ತಿದೆ: 'ಕೀಲಿ ತಿರುಗಿಸಿದರೆ ಸಾಕು, ಹೊಸ ಕಾರಿನ ಹಾಗೆ ಸ್ಟಾರ್ಟ್ ಆಗುತ್ತದೆ.' ಈ ಮಾತು ಬಂದ ಕಡೆಯಲ್ಲೆಲ್ಲ ಕಾರ್ಬ್ಯುರೇಟರ್ ಕಳಚಿ ಆ ಜಾಗದಲ್ಲಿ ಇಎಫ್‌ಐ (ಎಲೆಕ್ಟ್ರಾನಿಕ್ ಫ್ಯುಯಲ್ ಇಂಜೆಕ್ಷನ್) ಕಿಟ್ ಕೂರಿಸಿರುತ್ತಾರೆ. ಸಾವಿರ ಡಾಲರ್ ದಾಟುವ ಖರ್ಚು. ಜೊತೆಗೆ ಹೊಸ ಪೆಟ್ರೋಲ್ ಪಂಪು, ಹೊಸ ಪೈಪು, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಚಿಕ್ಕ ಪರದೆ. ಕಿಟ್ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಸಿಕ್ಕಿರುವ ಕೀರ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೇರಬೇಕಾದದ್ದು, ಅದೇ ಕಾರಿನಲ್ಲಿ ಐವತ್ತು ವರ್ಷ ತುಕ್ಕು ಹಿಡಿಯುತ್ತ ಕೂತಿದ್ದ ಆಟೊಮ್ಯಾಟಿಕ್ ಚೋಕಿಗೆ. ಅದನ್ನು ಯಾರೂ ಓದಲೇ ಇಲ್ಲ ಎಂಬುದು ನನ್ನ ದೂರು.

ಬ್ಯಾಟರಿ ಟರ್ಮಿನಲ್ ಉಜ್ಜಿದ್ದೀರಿ, ಅರ್ಥಿಂಗ್ ಪಟ್ಟಿ ಬಿಗಿಯಾಗಿದೆ, ಪಾಯಿಂಟ್ ಗ್ಯಾಪು ಸರಿಯಿದೆ, ಸೆಲ್ಫ್ ಹೊಡೆಯುವಾಗ ಇಗ್ನಿಷನ್ ಕಾಯಿಲಿಗೆ ಬ್ಯಾಟರಿಯ ನೇರ ಕರೆಂಟ್ ಹೋಗುತ್ತಿದೆ ಎಂದು ಹಿಡಿದೇ ಬರೆಯುತ್ತಿದ್ದೇನೆ. ಕ್ರೈಸ್ಲರ್ ಗುಂಪಿನ ಕಾರುಗಳಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಸುಟ್ಟರೆ, ಕೀಲಿ ಹಿಡಿದಿರುವವರೆಗೆ ಎಂಜಿನ್ ಹತ್ತಿ ಬಿಟ್ಟ ಕೂಡಲೇ ಆರಿಹೋಗುವ ನಾಟಕವೂ ಈ ಕಾರುಗಳ ಒಡನಾಟವಿರುವವರಿಗೆ ಹೊಸದಲ್ಲ.

ಇಷ್ಟೆಲ್ಲ ಸರಿಯಿದ್ದೂ ಮೂರು ವಾರ ಶೆಡ್ಡಿನಲ್ಲಿ ನಿಂತ 1967ರ ಪಾಂಟಿಯಾಕ್ ಜಿಟಿಒ ಹತ್ತು ಹದಿನೈದು ಸೆಕೆಂಡು ಗುರುಗುಟ್ಟಿ, ಸುಮ್ಮನಾಗಿ, ಮತ್ತೆ ಗುರುಗುಟ್ಟಿ, ಕೊನೆಗೆ ಕೆಮ್ಮುತ್ತ ಏಳುತ್ತದೆ. ಏಕೆ? ಮೊದಲ ಕಾರಣ ಸರಳ: ಕಾರ್ಬ್ಯುರೇಟರಿನ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ಇಲ್ಲ. ಆ ವರ್ಷದಿಂದ ಜಿಟಿಒಗೆ ಬಂದದ್ದು ರಾಚೆಸ್ಟರ್ ಕಂಪನಿಯ ಕ್ವಾಡ್ರಾಜೆಟ್. ಅದರ ಬೌಲು ನಡುವಿನಲ್ಲಿ ಒಂದೇ, ಅದೂ ಚಿಕ್ಕದು. ಪೆಟ್ರೋಲಿನ ಹಗುರ ಅಂಶಗಳು ಮೊದಲು ಆರಿಹೋಗುತ್ತವೆ, ಎಂಜಿನ್ ತಣ್ಣಗಿರುವಾಗ ಬೆಂಕಿ ಹಿಡಿಯಬೇಕಾದವೂ ಅವೇ. ಅದರ ಮೇಲೆ ಕ್ವಾಡ್ರಾಜೆಟ್ಟಿನ ತಳದ ಬಿರಡೆಗಳು ಹಳತಾಗಿ ಸೋರುವುದು ಕುಖ್ಯಾತ ರೋಗ. ಪೆಟ್ರೋಲ್ ಹನಿಹನಿಯಾಗಿ ಮ್ಯಾನಿಫೋಲ್ಡಿಗೆ ಇಳಿದುಹೋಗುತ್ತದೆ. ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುವ ಮೆಕ್ಯಾನಿಕಲ್ ಪಂಪು, ಎಂಜಿನ್ ತಿರುಗಿದರೆ ಮಾತ್ರ ಅದು ಕೆಲಸ ಮಾಡುವುದು. ಹಾಗಾಗಿ ಬೌಲು ತುಂಬುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕು. ಇದಕ್ಕೆ ಹಳಬರ ಮದ್ದು, ಸಣ್ಣ ಮೂತಿಯ ಬಾಟಲಿಯಿಂದ ಬೌಲಿನ ಗಾಳಿಕೊಳವೆಯೊಳಗೆ ಸ್ವಲ್ಪ ಪೆಟ್ರೋಲ್ ಹನಿಸುವುದು. ಎರಡು ನಿಮಿಷದ ಕೆಲಸ, ಅಗ್ಗ, ಸುತ್ತಮುತ್ತ ಚೆಲ್ಲದೆ ಎಚ್ಚರದಿಂದ ಮಾಡಿದರೆ ಅಪಾಯವೂ ಕಡಿಮೆ. ಇದನ್ನು ಯಾವ ಅಂಕಣಕಾರನೂ ಹೊಗಳುವುದಿಲ್ಲ. ಇದರಲ್ಲಿ ಮಾರಲು ಏನಿದೆ?

ಎರಡನೆಯ ಕಾರಣ ಚೋಕ್. ನಾನು ನಿಲ್ಲಬೇಕೆಂದಿರುವುದು ಇಲ್ಲಿಯೇ.

ಆ ಕಾಲದ ಕಾರುಗಳ ಕೈಪಿಡಿಗಳಲ್ಲಿ ತಣ್ಣನೆಯ ಎಂಜಿನ್ನಿಗೆ ಕೊಟ್ಟ ಸೂಚನೆಯ ಸಾರ ಹೆಚ್ಚುಕಡಿಮೆ ಒಂದೇ: ಆಕ್ಸಿಲರೇಟರನ್ನು ಒಂದು ಸಲ ಪೂರ್ತಿ ಒತ್ತಿ, ಕಾಲು ತೆಗೆದು, ಆಮೇಲೆ ಕೀಲಿ ತಿರುಗಿಸಿ. ಎಂಥ ಬಿಗಿ ವಾಕ್ಯ ಇದು! ಮೂರು ಕ್ರಿಯಾಪದ, ಮೂರಕ್ಕೂ ಬೇರೆ ಬೇರೆ ಅರ್ಥ. ಓದುವವರು ಮಾತ್ರ ನಡುವಿನದನ್ನು ನುಂಗಿ, ಮೊದಲನೆಯದನ್ನು ಹತ್ತು ಸಲ ಮಾಡಿ, 'ಹಳೆ ಕಾರು, ಇಷ್ಟೇ' ಎಂದು ಗೊಣಗುತ್ತಾರೆ.

ಕಾರ್ಬ್ಯುರೇಟರಿನ ಬಾಯಿಗೆ ಅಡ್ಡಲಾಗಿ ಒಂದು ತಟ್ಟೆ ಇದೆ, ಅದೇ ಚೋಕ್: ಮುಚ್ಚಿದರೆ ಗಾಳಿ ತಗ್ಗಿ, ತಣ್ಣನೆಯ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ತಟ್ಟೆಯನ್ನು ಆಡಿಸುವುದು ಎರಡು ಲೋಹಗಳನ್ನು ಬೆಸೆದ ಸುರುಳಿ ಬುಗ್ಗೆ. ತಣ್ಣಗಾದರೆ ಅದು ತಟ್ಟೆಯನ್ನು ಮುಚ್ಚುವ ಕಡೆಗೆ ತಿರುಗುತ್ತದೆ, ಬಿಸಿಯಾದರೆ ತೆರೆಯುವ ಕಡೆಗೆ. ಈ ಜಿಟಿಒದ ಕ್ವಾಡ್ರಾಜೆಟ್ಟಿನಲ್ಲಿ ಬುಗ್ಗೆ ಕಾರ್ಬ್ಯುರೇಟರಿನ ಮೈಮೇಲಿಲ್ಲ. ಇಂಟೇಕ್ ಮ್ಯಾನಿಫೋಲ್ಡಿನ ಗುಳಿಯೊಂದರಲ್ಲಿ ಕೂತು, ತೆಳು ಕಡ್ಡಿಯ ಮೂಲಕ ಮೇಲಿನ ತಟ್ಟೆಯೊಡನೆ ಮಾತಾಡುತ್ತದೆ. ನಿನ್ನೆ ಸಂಜೆ ಬಿಸಿ ಎಂಜಿನ್ ಆರಿಸಿದಾಗ ತಟ್ಟೆ ತೆರೆದಿತ್ತು. ರಾತ್ರಿ ಕಳೆದು ಬುಗ್ಗೆ ತಣ್ಣಗಾಯಿತು, ತಟ್ಟೆಯನ್ನು ಮುಚ್ಚಲು ಎಳೆಯುತ್ತಿದೆ, ಆದರೂ ತಟ್ಟೆ ಅಲುಗುವುದಿಲ್ಲ. ತಡೆದಿರುವುದು ಒಂದು ಸ್ಕ್ರೂ. ಐಡ್ಲಿಂಗ್ ವೇಗವನ್ನು ಏರಿಸುವ ಮೆಟ್ಟಿಲು ಮೆಟ್ಟಿಲಾದ ಕ್ಯಾಮಿಗೆ ಅದು ಒತ್ತಿಕೊಂಡು ನಿಂತಿದೆ, ಆ ಕ್ಯಾಮು ಚೋಕಿಗೆ ಕಟ್ಟುಬಿದ್ದಿದೆ. ನೀವು ಪೆಡಲ್ ಒತ್ತಿದಾಗ ಸ್ಕ್ರೂ ಹಿಂದೆ ಸರಿಯುತ್ತದೆ, ರಾತ್ರಿಯಿಡೀ ಕಾದಿದ್ದ ಬುಗ್ಗೆ ಟಪ್ಪನೆ ತಟ್ಟೆ ಮುಚ್ಚುತ್ತದೆ, ಕ್ಯಾಮು ತನ್ನ ಎತ್ತರದ ಮೆಟ್ಟಿಲಿಗೆ ಹೊರಳುತ್ತದೆ. ಅದೇ ಒತ್ತಿನಲ್ಲಿ ಆಕ್ಸಿಲರೇಟರ್ ಪಂಪು ಒಂದು ಚಿಮ್ಮು ಪೆಟ್ರೋಲನ್ನು ಒಳಗೆ ಹಾರಿಸುತ್ತದೆ. ಕಾಲು ತೆಗೆದಾಗ ಸ್ಕ್ರೂ ಬಂದು ಆ ಎತ್ತರದ ಮೆಟ್ಟಿಲ ಮೇಲೆ ಕೂರುತ್ತದೆ. ತೆಗೆಯದಿದ್ದರೆ ಕೂರುವುದಿಲ್ಲ. 'ಕಾಲು ತೆಗೆಯಿರಿ' ಎಂಬುದು ಅಲಂಕಾರಕ್ಕೆ ಬರೆದ ಮಾತಲ್ಲ.

ಎಂಜಿನ್ ಹತ್ತಿದ ಮೇಲೆ ಇನ್ನೂ ಸೊಗಸಾದ ಒಂದು ಸಂಗತಿ ನಡೆಯುತ್ತದೆ. ಮುಚ್ಚಿದ ತಟ್ಟೆ ಮುಚ್ಚಿಯೇ ಇದ್ದರೆ ಉಸಿರುಗಟ್ಟಿ, ಕಪ್ಪು ಹೊಗೆ ಉಗುಳಿ ಎಂಜಿನ್ ನಿಲ್ಲಬೇಕಿತ್ತು. ಹಾಗಾಗದಂತೆ, ಎಂಜಿನ್ನಿನದೇ ನಿರ್ವಾತ ಒಂದು ಪುಟ್ಟ ಡಯಾಫ್ರಮ್ಮನ್ನು ಎಳೆದು ತಟ್ಟೆಯನ್ನು ಕೆಲವೇ ಮಿಲಿಮೀಟರ್ ತೆರೆಯುತ್ತದೆ. ಈ ಸಂದಿಯನ್ನು ಮೆಕ್ಯಾನಿಕ್‌ಗಳು ಡ್ರಿಲ್ ಬಿಟ್ ತೂರಿಸಿ ಅಳೆಯುತ್ತಾರೆ. ಐವತ್ತು ವರ್ಷದ ರಬ್ಬರು ತೂತಾದರೆ ಕಾರು ಹತ್ತಿದ ಕೂಡಲೇ ಸಾಯುತ್ತದೆ, ಮಾಲೀಕ ಕಾರ್ಬ್ಯುರೇಟರ್ ಸಂತತಿಯನ್ನೇ ಶಪಿಸುತ್ತಾನೆ. ಹತ್ತು ಸಲ ಒತ್ತಿ ಪೆಟ್ರೋಲ್ ಓವರ್ ಆದವನಿಗೂ ಪರಿಹಾರವನ್ನು ಈ ಯಂತ್ರ ಮೊದಲೇ ಇಟ್ಟುಕೊಂಡಿದೆ: ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದೇ ಸೆಲ್ಫ್ ಹೊಡೆದರೆ ಒಂದು ಕೊಕ್ಕೆ ತಟ್ಟೆಯನ್ನು ಬಲವಂತವಾಗಿ ತೆರೆದು ಗಾಳಿ ಬಿಡುತ್ತದೆ. ತಪ್ಪು ಮಾಡುವ ಓದುಗನನ್ನೂ ಲೆಕ್ಕಕ್ಕೆ ಹಿಡಿದು ಬರೆದ ಪಠ್ಯ ಇದು.

ನಮ್ಮ ಕಡೆಯವರಿಗೆ ಚೋಕ್ ಎಂದರೆ ಡ್ಯಾಶ್‌ಬೋರ್ಡಿನ ಗುಂಡಿ. ಪದ್ಮಿನಿ, ಅಂಬಾಸಡರ್ ಓಡಿಸಿದವರು 'ಚೋಕ್ ಎಳಿ' ಎಂದವರೇ. ನಾವು ಕೈಯಿಂದ ಮಾಡಿದ ತೀರ್ಮಾನವನ್ನು ಅಮೆರಿಕದವರು ಬುಗ್ಗೆಗೆ ಒಪ್ಪಿಸಿ, ಒಪ್ಪಿಸಿದ್ದನ್ನೇ ಮರೆತರು. ಗುಂಡಿ ಕಣ್ಣೆದುರಿಗಿದ್ದ ನಮಗೆ ಮರೆಯುವ ಸೌಕರ್ಯ ಇರಲಿಲ್ಲ.

ಈಗ ಜಗಳಕ್ಕೆ ಬರೋಣ. ಒಂದು ಪಂಥ ಚೋಕನ್ನು ಕಿತ್ತೇ ಹಾಕುತ್ತದೆ. ಗಾಳಿಗೆ ಅಡ್ಡ ಎಂಬುದು ವಾದ. ರೇಸಿನ ಕಾರ್ಬ್ಯುರೇಟರಿಗೆ ಚೋಕ್ ಇಲ್ಲವಲ್ಲ ಎಂಬುದು ಆಧಾರ. ರೇಸಿನ ಕಾರನ್ನು ಬಿಸಿ ಮಾಡಲು ಪಕ್ಕದಲ್ಲಿ ನಾಲ್ಕು ಜನ ನಿಂತಿರುತ್ತಾರೆ, ಸ್ವಾಮಿ. ಅಕ್ಟೋಬರಿನ ಮಿಷಿಗನ್ ಬೆಳಗಿನಲ್ಲಿ ಒಬ್ಬನೇ ಕೂತು ಸಿಗ್ನಲ್ಲಿಗೊಮ್ಮೆ ಆರುವ ಎಂಜಿನ್ನನ್ನು ಕಾಲಿನಿಂದ ಬದುಕಿಸಿಕೊಳ್ಳುವವನಿಗೆ ಇದು ಶೌರ್ಯದಂತೆ ಕಾಣಬಹುದು, ನನಗೆ ಕಾಣುವುದಿಲ್ಲ. ಶಕ್ತಿಯೊಂದೇ ಬೇಕಾಗಿದ್ದ ಪಾಂಟಿಯಾಕಿನ ಎಂಜಿನಿಯರುಗಳೇ ಏನು ಮಾಡಿದರು? 1964ರಿಂದ 1966ರವರೆಗಿನ ಜಿಟಿಒಗೆ ಟ್ರೈ-ಪವರ್ ಹೆಸರಿನಲ್ಲಿ ಮೂರು ಕಾರ್ಬ್ಯುರೇಟರ್ ಕೊಟ್ಟರು. ತುದಿಯ ಎರಡಕ್ಕೆ ಚೋಕ್ ಇಡಲಿಲ್ಲ, ನಡುವಿನದಕ್ಕೆ ಇಟ್ಟರು. ಬೀದಿಯಲ್ಲಿ ಓಡುವ ಕಾರು ಎಂದರೇನೆಂದು ಅವರಿಗೆ ಗೊತ್ತಿತ್ತು.

ಇನ್ನೊಂದು ಪಂಥ ನಿಧಾನವನ್ನೇ ಸದ್ಗುಣವೆನ್ನುತ್ತದೆ: ಹತ್ತು ಸೆಕೆಂಡು ಸೆಲ್ಫ್ ತಿರುಗಿದರೆ ಬೇರಿಂಗುಗಳಿಗೆ ಆಯಿಲ್ ಏರುತ್ತದಂತೆ. ಏರಬಹುದು. ಆಯಿಲ್ ಬೇಕಾದರೆ ಇಗ್ನಿಷನ್ ತಪ್ಪಿಸಿ ಬೇಕೆಂದೇ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಬೌಲು ಒಣಗಿದ್ದನ್ನು ವ್ರತವೆಂದು ಕರೆಯಬೇಡಿ. ಇವರೇ ಪೆಡಲನ್ನು ಹತ್ತು ಸಲ ಒತ್ತುವವರೂ ಆಗಿರುತ್ತಾರೆ. ಹಾಗೆ ಸುರಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇಎಫ್‌ಐ ಪಂಥದ ಮಾತು ಹೆಚ್ಚು ಗಟ್ಟಿ, ಹಾಗಾಗಿ ಅದರ ತಪ್ಪೂ ಹೆಚ್ಚು ಗಟ್ಟಿ. 'ಚೋಕಿನ ಕಾಟ ತಪ್ಪಿತು' ಎಂದು ಬರೆಯುತ್ತಾರೆ. ತಪ್ಪಿದ್ದೆಲ್ಲಿ? ಕೂಲೆಂಟಿನ ಬಿಸಿ ಅಳೆಯುವ ಸೆನ್ಸರ್ ಆ ಬುಗ್ಗೆಯ ಕೆಲಸ ಮಾಡುತ್ತದೆ. ತಣ್ಣಗಿದ್ದಾಗ ಹೆಚ್ಚು ಪೆಟ್ರೋಲ್ ಸಿಂಪಡಿಸುವ ಅಂಕಿಗಳ ಕೋಷ್ಟಕ ಆ ತಟ್ಟೆಯದು, ಐಡ್ಲಿಂಗ್ ಏರಿಸುವ ವಾಲ್ವು ಆ ಕ್ಯಾಮಿನದು. ಅದೇ ಪಠ್ಯ, ಬೇರೆ ಲಿಪಿ. ಎತ್ತರದ ಬೆಟ್ಟಸೀಮೆಯಲ್ಲಿ, ಬಿಸಿ ಎಂಜಿನ್ ಆರಿಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಹತ್ತಿಸುವಾಗ, ಹೊಸ ಲಿಪಿಯೇ ಸ್ಪಷ್ಟ ಎಂಬುದನ್ನು ಒಪ್ಪುತ್ತೇನೆ. ಹುಡ್ಡಿನಡಿ ಬೌಲಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ತೊಟ್ಟಿಕ್ಕುವ ತೊಂದರೆ ಅದರಲ್ಲಿಲ್ಲ. ಆದರೆ ನಾನು ಓದಿದ ಹೋಲಿಕೆಯ ಲೇಖನಗಳಲ್ಲೆಲ್ಲ ಹೊಸ ಕಿಟ್ಟನ್ನು ಹೋಲಿಸಿರುವುದು ಕೆಟ್ಟ ಚೋಕಿನ ಜೊತೆ. ಸರಿಪಡಿಸಿದ ಚೋಕಿನ ಜೊತೆ ಹೋಲಿಸಿದ್ದನ್ನು ನಾನು ಓದಿಲ್ಲ. ಸ್ವರ ತಪ್ಪಿದ ತಂಬೂರಿಯ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟು, ಶ್ರುತಿಪೆಟ್ಟಿಗೆ ಗೆದ್ದಿತು ಎಂದು ಬರೆಯುವುದನ್ನು ವಿಮರ್ಶೆ ಎನ್ನಬೇಕೆ?

ಉಳಿದ ಮದ್ದುಗಳ ಬಗ್ಗೆ ಹೆಚ್ಚು ಬೇಡ. ಹೊಸ ಬಗೆಯ ಸಣ್ಣ ಸ್ಟಾರ್ಟರ್ ಮೋಟಾರು, ಬಿಸಿಗೆ ಸೋತು ತಿಣುಕುವ ಹಳೆ ಮೋಟಾರಿಗಿಂತ ಮೇಲು. 10.75ರ ಕಂಪ್ರೆಷನ್ ಇರುವ ಎಂಜಿನ್ನಿಗೆ ಅದು ಬೇಕಾಗಬಹುದು. ಬೌಲು ಒಣಗಿದ್ದರೆ ಅದೂ ವೇಗವಾಗಿ ವ್ಯರ್ಥ ತಿರುಗುತ್ತದೆ. ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಒಳ್ಳೆಯದು, ಎಂಜಿನ್ ನಿಂತರೆ ತಾನೂ ನಿಲ್ಲುವಂತೆ ಆಯಿಲ್ ಪ್ರೆಷರ್ ಸ್ವಿಚ್ಚಿಗೆ ಕಟ್ಟಿದ್ದರೆ ಮಾತ್ರ. ಈಥರ್ ಸ್ಪ್ರೇ ಕೂಡದು. ಪೆಟ್ರೋಲಿಗಿಂತ ಬಹಳ ಕಡಿಮೆ ಬಿಸಿಗೇ ಅದು ಹತ್ತಿಕೊಳ್ಳುತ್ತದೆ, ಕಾರ್ಬ್ಯುರೇಟರಿನ ಮೇಲೆ ಬಗ್ಗಿ ನಿಂತವನ ಹುಬ್ಬು ಅದಕ್ಕೆ ದೂರವಲ್ಲ.

ನಿಮ್ಮಲ್ಲಿ ಅಂಥ ಕಾರಿದ್ದರೆ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕೀಲಿ ಮುಟ್ಟುವ ಮುಂಚೆ ಏರ್ ಕ್ಲೀನರಿನ ಮುಚ್ಚಳ ಎತ್ತಿಡಿ, ಮನೆಯವರೊಬ್ಬರಿಗೆ ಪೆಡಲ್ ಒಮ್ಮೆ ಒತ್ತಿ ಬಿಡಲು ಹೇಳಿ, ತಟ್ಟೆಯನ್ನು ನೋಡಿ. ಅದು ಮುಚ್ಚದಿದ್ದರೆ ಮ್ಯಾನಿಫೋಲ್ಡಿನಿಂದ ಮೇಲೆ ಬರುವ ಕಡ್ಡಿ ಬಾಗಿರುತ್ತದೆ, ಇಲ್ಲವೇ ತಟ್ಟೆಯ ಅಚ್ಚಿಗೆ ಜಿಡ್ಡು ಕಟ್ಟಿರುತ್ತದೆ, ಇಲ್ಲವೇ ಬುಗ್ಗೆ ಸತ್ತಿರುತ್ತದೆ.