ನಾರಿಕೇಳಪಾಕದ ವಿಜ್ಞಾನ ಕಾದಂಬರಿಗಳು

ಕಾವ್ಯದ ಪಾಕಗಳನ್ನು ವಿವರಿಸುವ ಆಲಂಕಾರಿಕರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಬಗೆಗಳನ್ನು ಹೇಳುವುದುಂಟು. ದ್ರಾಕ್ಷಿಯ ರಸ ನಾಲಗೆಗೆ ಸೋಕಿದೊಡನೆ ಇಳಿಯುತ್ತದೆ. ಬಾಳೆಹಣ್ಣಿಗೆ ಸಿಪ್ಪೆ ಸುಲಿಯುವಷ್ಟು ಶ್ರಮ ಬೇಕು. ತೆಂಗಿನಕಾಯಿಗಾದರೋ ನಾರು ಕಿತ್ತು ಚಿಪ್ಪು ಒಡೆಯುವ ತೋಳ್ಬಲವೇ ಬೇಕು. ವಿಜ್ಞಾನ ಕಾದಂಬರಿಯೆಂದರೆ ದ್ರಾಕ್ಷಾಪಾಕವೆಂದೂ, ರೈಲುಪ್ರಯಾಣದ ಬೇಸರ ಕಳೆಯುವ ಸರಕೆಂದೂ ಭಾವಿಸಿದವರು ವಿದ್ವಾಂಸರಲ್ಲಿಯೂ ಕಡಮೆಯಿಲ್ಲ. ವರ್ನ್, ವೆಲ್ಸ್, ಕ್ಲಾರ್ಕ್, ಅಸಿಮೋವ್ ಇವರನ್ನು ಓದಿ ಮುಗಿಸಿ, ಇನ್ನೂ ಗಟ್ಟಿಯಾದುದು ಏನಿದೆಯೆಂದು ಕೇಳುವ ರಸಿಕನಿಗೆ ಈ ಭಾವನೆ ಸರಿಯಲ್ಲವೆಂದು ತೋರಿಸುವುದು ಕಷ್ಟವಲ್ಲ. ಯಾವ ಚಿಪ್ಪಿನೊಳಗೆ ನಿಜವಾಗಿ ತಿರುಳಿದೆ, ಯಾವುದರಲ್ಲಿ ಬರಿಯ ಚಿಪ್ಪೇ ಇದೆ ಎಂಬುದನ್ನು ವಿವೇಚಿಸುವುದೇ ಕಷ್ಟದ ಕೆಲಸ.

ಇಂತಹ ಕೃತಿಗಳಿಗೆ ಇಂಗ್ಲಿಷಿನಲ್ಲಿ ‘ಹಾರ್ಡ್ ಸೈನ್ಸ್ ಫಿಕ್ಷನ್’ ಎಂಬ ಹೆಸರು ಬಿದ್ದದ್ದು ೧೯೫೭ರಲ್ಲಿ, ವಿಮರ್ಶಕ ಪಿ. ಶೈಲರ್ ಮಿಲ್ಲರ್ ಅವರ ಬರಹದಿಂದ. ‘ಹಾರ್ಡ್’ ಎಂಬುದಕ್ಕೆ ಗಟ್ಟಿ ಎಂಬ ಅರ್ಥವೂ ಉಂಟು, ಕಠಿನ ಎಂಬ ಅರ್ಥವೂ ಉಂಟು. ಎರಡೂ ಒಂದೇ ಅಲ್ಲ. ಗಟ್ಟಿಯಾದ ವಿಜ್ಞಾನವಿದ್ದೂ ಸುಲಭವಾಗಿ ಓದಿಸಿಕೊಳ್ಳುವ ಕಾದಂಬರಿಗಳಿವೆ, ವಿಜ್ಞಾನ ತೆಳುವಾಗಿದ್ದೂ ಭಾಷೆಯ ಗೋಜಲಿನಿಂದಲೇ ಕಠಿನವೆನಿಸಿಕೊಂಡವೂ ಇವೆ.

ಅದೇ ೧೯೫೭ರಲ್ಲಿ ಪ್ರಕಟವಾದ, ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ‘ದಿ ಬ್ಲ್ಯಾಕ್ ಕ್ಲೌಡ್’ ಮೊದಲ ಮೆಟ್ಟಿಲಾಗಲು ತಕ್ಕುದು. ಸೌರಮಂಡಲದತ್ತ ಒಂದು ಕರಿಯ ಮೇಘ ಬರುತ್ತಿದೆ. ಅದು ಎಷ್ಟು ದೂರದಲ್ಲಿದೆಯೋ ತಿಳಿಯದು, ಎಷ್ಟು ವೇಗದಿಂದ ಬರುತ್ತಿದೆಯೋ ತಿಳಿಯದು. ಆದರೂ ಅದು ಯಾವಾಗ ತಲಪುತ್ತದೆಂಬುದನ್ನು ಹೇಳಬಹುದು. ತಿಂಗಳ ಅಂತರದಲ್ಲಿ ತೆಗೆದ ಎರಡು ಛಾಯಾಚಿತ್ರಗಳಲ್ಲಿ ಮೇಘದ ಅಗಲ ನೂರಕ್ಕೆ ಐದರಷ್ಟು ಹಿಗ್ಗಿದ್ದರೆ, ಅದು ಬಂದು ಸೇರಲು ಹೆಚ್ಚುಕಡಮೆ ಇಪ್ಪತ್ತು ತಿಂಗಳು. ದೂರ, ವೇಗ, ಗಾತ್ರ ಮೂರೂ ಲೆಕ್ಕದಿಂದ ಕಳಚಿಹೋಗಿ ಕಾಲವೊಂದೇ ಉಳಿಯುತ್ತದೆ. ಹಾಯ್ಲ್ ಈ ಬಗೆಯ ಗಣಿತವನ್ನು ಕಥೆಯ ನಡುವೆಯೇ ಮರೆಮಾಚದೆ ಇಡುತ್ತಾರೆ. ಪ್ರೌಢಶಾಲೆಯ ಗಣಿತ ಬಲ್ಲವನು ಕಾಗದ ಪೆನ್ಸಿಲು ಹಿಡಿದು ಅದನ್ನು ಪರೀಕ್ಷಿಸಬಹುದು. ಪರೀಕ್ಷಿಸಿದವನಿಗೆ ಭಯ ಇಮ್ಮಡಿಯಾಗುತ್ತದೆ. ಅಂಕಿಗಳಿಂದ ಭಯಾನಕರಸ ಹುಟ್ಟುವ ಈ ಪರಿ ಹಳೆಯ ಲಕ್ಷಣಗ್ರಂಥಗಳಿಗೆ ಹೊಳೆದಿರಲಾರದು. ಕೃತಿಯ ದೋಷವೂ ಎದ್ದು ಕಾಣುತ್ತದೆ: ವಿಜ್ಞಾನಿಗಳೆಲ್ಲ ಜಾಣರು, ರಾಜಕಾರಣಿಗಳೆಲ್ಲ ಮೂಢರು ಎಂಬ ಹಾಯ್ಲರ ಹಟ ಕೆಲವೆಡೆ ಬಾಲಿಶವೆನಿಸುತ್ತದೆ. ಆದರೆ ಆ ಮೇಘವೇ ಒಂದು ಜೀವವೆಂದು ಹೊರಪಟ್ಟು, ಗ್ರಹಗಳ ಮೇಲೂ ಬುದ್ಧಿಯುಳ್ಳ ಪ್ರಾಣಿಗಳಿರುವುದನ್ನು ಕಂಡು ಅದಕ್ಕೇ ಆಶ್ಚರ್ಯವಾಗುವ ಪ್ರಸಂಗದಲ್ಲಿ ಮನುಷ್ಯನ ಗರ್ವ ಇಳಿಯುವ ಬಗೆ ಅಪೂರ್ವವಾದುದು.

ಹಾಯ್ಲರ ಶಿಷ್ಯರಾದ ಜಯಂತ ನಾರಳೀಕರರು ೧೯೭೨ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದು, ಮುಂದೆ ಪುಣೆಯಲ್ಲಿ ಖಗೋಳವಿಜ್ಞಾನದ ಕೇಂದ್ರವೊಂದನ್ನು ಕಟ್ಟಿ, ೨೦೨೫ರಲ್ಲಿ ತೀರಿಕೊಂಡರು. ಗುರುವಿನಂತೆಯೇ ಅವರೂ ಕಥೆ ಬರೆದರು, ಬರೆದದ್ದು ಮರಾಠಿಯಲ್ಲಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರಕ್ಕೆ ದುಡಿದಿದ್ದಾರಾದರೂ, ಲೆಕ್ಕವನ್ನೇ ಮುಂದಿಟ್ಟು ವಾಚಕನನ್ನು ಕೆಣಕುವ ಕಾದಂಬರಿ ಅಪರೂಪವೆಂದೇ ಹೇಳಬೇಕು. ೧೨ನೆಯ ಶತಮಾನದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯನ ನುಡಿಗೆ ಗಣಿತ ಒಗ್ಗದೆಂಬ ನೆಪ ಸಲ್ಲದು.

ಎರಡನೆಯದಾಗಿ ಹಾಲ್ ಕ್ಲೆಮೆಂಟ್ ಅವರ ‘ಮಿಷನ್ ಆಫ್ ಗ್ರ್ಯಾವಿಟಿ’. ೧೯೫೩ರಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮರುವರ್ಷ ಪುಸ್ತಕವಾದ ಈ ಕೃತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ನ್ಯಾಯ. ಮೆಸ್ಕ್ಲಿನ್ ಎಂಬ ಗ್ರಹ ಸುಮಾರು ೧೮ ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಆ ವೇಗಕ್ಕೆ ಅದು ಅಂಗೈಯಲ್ಲಿ ಒತ್ತಿದ ಉಂಡೆಯಂತೆ ಚಪ್ಪಟೆಯಾಗಿದೆ. ಸಮಭಾಜಕ ರೇಖೆಯ ಬಳಿ ಅದರ ಗುರುತ್ವ ಭೂಮಿಯದರ ಮೂರರಷ್ಟು. ಧ್ರುವಗಳಲ್ಲಿ, ಕ್ಲೆಮೆಂಟರ ಲೆಕ್ಕದಂತೆ, ೭೦೦ರಷ್ಟು. ಅಂತಹ ನೆಲದಲ್ಲಿ ಮೂರು ಅಂಗುಲ ಎತ್ತರದಿಂದ ಜಾರುವುದೆಂದರೆ ವಿಜಾಪುರದ ಗೋಲಗುಂಬಜದ ನೆತ್ತಿಯಿಂದ ಬೀಳುವುದಕ್ಕೆ ಹತ್ತಿರಹತ್ತಿರ ಸಮ. ಹೀಗಾಗಿ ಅಲ್ಲಿನ ನಿವಾಸಿಗಳು ಶತಪದಿಯಂತೆ ನೆಲಕ್ಕೆ ಅಂಟಿಕೊಂಡ, ಮೊಳದುದ್ದದ ಜೀವಿಗಳು. ನೆಗೆಯುವುದು ಅವರ ಕಲ್ಪನೆಗೇ ಬಾರದು. ವಸ್ತುವನ್ನು ಎಸೆಯುವುದೆಂದರೇನೆಂದು ತಿಳಿಯದು. ತಲೆಯ ಮೇಲೆ ಏನಾದರೂ ಭಾರವಾದುದು ಇದ್ದರೆ ಪ್ರಾಣ ಹಾರಿಹೋಗುತ್ತದೆ. ತಮ್ಮ ಲೋಕ ಬಟ್ಟಲಿನಂತೆ ತಗ್ಗಾಗಿದೆಯೆಂದು ಅವರು ನಂಬಿದ್ದಾರೆ, ಭೂಪಟವನ್ನೂ ಬಟ್ಟಲಿನ ಆಕಾರದಲ್ಲಿಯೇ ಮಾಡಿಕೊಂಡಿದ್ದಾರೆ. ಒಂದು ಸಂಖ್ಯೆಯಿಂದ ಭೀತಿ, ನಡೆ, ನಂಬಿಕೆ, ಮನೆಯ ಮಾಡು ಎಲ್ಲವೂ ಹುಟ್ಟಿ ಒಂದು ಸಂಸ್ಕೃತಿಯಾಗುವುದನ್ನು ಕ್ಲೆಮೆಂಟ್ ಎಲ್ಲಿಯೂ ದನಿಯೇರಿಸದೆ ತೋರಿಸುತ್ತಾರೆ.

ಈ ಗ್ರಹವನ್ನು ರಚಿಸಿದ ಬಗೆಯನ್ನು ಅವರೇ ಅದೇ ವರ್ಷ ಒಂದು ಲೇಖನದಲ್ಲಿ ವಿವರಿಸಿ, ಇದು ಲೇಖಕನಿಗೂ ಓದುಗನಿಗೂ ನಡೆಯುವ ಆಟ, ತಪ್ಪು ಹಿಡಿಯುವುದು ಓದುಗನ ಪಾಲಿನದು ಎಂಬ ಭಾವವನ್ನು ಮುಂದಿಟ್ಟರು. ಮುಂದೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಕಥಾ ಸಂಘದವರು ಲೆಕ್ಕವನ್ನು ಮತ್ತೆ ಹಾಕಿ, ಧ್ರುವದ ಗುರುತ್ವ ಅಷ್ಟಿರಲಾರದೆಂದೂ, ಗ್ರಹದ ಅಂಚು ಚೂಪಾಗಬೇಕಾಗುತ್ತದೆಂದೂ ಕಂಡುಹಿಡಿದರು. ಕ್ಲೆಮೆಂಟ್ ಅದನ್ನು ಒಪ್ಪಿಕೊಂಡರು. ಲೆಕ್ಕತಪಾಸಣೆಯಲ್ಲಿ ತಪ್ಪು ಸಿಕ್ಕಿದ ಮೇಲೂ ಕೃತಿ ಬಿದ್ದುಹೋಗಲಿಲ್ಲವೇಕೆ? ತಪ್ಪು ಇಲ್ಲದಿರುವುದು ಗಟ್ಟಿತನದ ಲಕ್ಷಣವಲ್ಲ. ಪುಸ್ತಕವನ್ನು ತಪಾಸಣೆಗೆ ತೆರೆದಿಡುವ ಪ್ರಾಮಾಣಿಕತೆಯೇ ಅದರ ಲಕ್ಷಣ. ಇನ್ನೊಂದು ಕಾರಣ ನೌಕೆಯ ನಾಯಕ ಬಾರ್ಲೆನ್ನನ್. ಧ್ರುವದಲ್ಲಿ ಸಿಕ್ಕಿಬಿದ್ದ ಯಂತ್ರದಲ್ಲಿರುವ ಮಾಹಿತಿಯನ್ನು ತಂದುಕೊಡಲು ಮನುಷ್ಯರು ಅವನನ್ನು ನೇಮಿಸಿಕೊಳ್ಳುತ್ತಾರೆ. ಅವನು ಸಾವಿರಾರು ಮೈಲಿ ಸಾಗಿ ಗುರಿ ತಲಪಿ, ಅಲ್ಲಿ ನಿಂತು ಕೂಲಿಯ ಮಾತೆತ್ತುತ್ತಾನೆ: ಸರಕು ಬೇಡ, ಯಂತ್ರವೂ ಬೇಡ, ಆ ಯಂತ್ರಗಳು ನಡೆಯುವುದು ಏಕೆಂಬುದನ್ನು ಮೊದಲಿನಿಂದ ಕಲಿಸಬೇಕು. ಪರರ ಆಳ್ವಿಕೆಯಲ್ಲಿ ಗುಮಾಸ್ತೆಗಿರಿಗೆ ಬೇಕಾದಷ್ಟೇ ವಿದ್ಯೆಯನ್ನು ಪಡೆದ ದೇಶದ ವಾಚಕನಿಗೆ ಈ ಬೇಡಿಕೆಯ ತೂಕವನ್ನು ವಿವರಿಸಬೇಕಾದುದಿಲ್ಲ.

ರಾಬರ್ಟ್ ಫಾರ್ವರ್ಡ್ ಅವರ ‘ಡ್ರ್ಯಾಗನ್ಸ್ ಎಗ್’ (೧೯೮೦) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದುದು. ಇಲ್ಲಿಯ ನೆಲವೇ ಒಂದು ನ್ಯೂಟ್ರಾನ್ ನಕ್ಷತ್ರ. ಗುರುತ್ವ ಭೂಮಿಯದರ ೬,೭೦೦ ಕೋಟಿಯಷ್ಟು. ಚೀಲಾ ಎಂಬ ಜೀವಿಗಳು ಎಳ್ಳಿನ ಗಾತ್ರದವು, ತೂಕ ಮಾತ್ರ ಮನುಷ್ಯನಷ್ಟು. ಅವುಗಳ ಬಾಳು ಮನುಷ್ಯರದಕ್ಕಿಂತ ಹತ್ತು ಲಕ್ಷ ಪಾಲು ವೇಗದ್ದು, ಎಂದರೆ ಮನುಷ್ಯನ ಅರ್ಧ ನಿಮಿಷ ಅವುಗಳಿಗೆ ಹೆಚ್ಚುಕಡಮೆ ಒಂದು ವರ್ಷ. ಮೇಲೆ ಸುತ್ತುವ ನೌಕೆಯವರು ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಕೆಳಗೆ ತಲೆಮಾರುಗಳು ಉರುಳಿರುತ್ತವೆ, ಶಿಷ್ಯರಾಗಿದ್ದವರು ಗುರುಗಳಾಗಿರುತ್ತಾರೆ. ಕಲ್ಪನೆ ಭವ್ಯವಾದುದು, ಆದರೆ ಪಾತ್ರಗಳು ಮರದ ಬೊಂಬೆಗಳು. ಮನುಷ್ಯರಿಗಿಂತ ಎಳ್ಳುಕಾಳುಗಳೇ ಜೀವಂತವಾಗಿವೆ ಎಂದು ಹೇಳಿ ಮುಂದೆ ಹೋಗಬಹುದು.

ಸ್ಟಾನಿಸ್ಲಾವ್ ಲೆಮ್ ಅವರ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಪೋಲಿಷ್ ಭಾಷೆಯಲ್ಲಿ ೧೯೬೮ರಲ್ಲಿ ಬಂದು, ಮೈಕೇಲ್ ಕ್ಯಾಂಡೆಲ್ ಅವರ ಇಂಗ್ಲಿಷ್ ಅನುವಾದ ೧೯೮೩ರಲ್ಲಿ ಪ್ರಕಟವಾಯಿತು. ಇಲ್ಲಿ ಲೆಕ್ಕ ಹಾಕಬೇಕಾದುದೇನೂ ಇಲ್ಲ. ಕಾಠಿನ್ಯ ಬೇರೆ ಜಾತಿಯದು. ಆಕಾಶದಿಂದ ಬಂದ ನ್ಯೂಟ್ರಿನೋ ಪ್ರವಾಹದಲ್ಲಿ ಒಂದು ಸಂದೇಶವಿರುವಂತೆ ತೋರುತ್ತದೆ. ಅಮೆರಿಕದ ಮರುಭೂಮಿಯಲ್ಲಿ ವಿದ್ವಾಂಸರನ್ನು ಕೂಡಿಹಾಕಿ ಅದರ ಅರ್ಥ ತೆಗೆಯಹೊರಡುತ್ತಾರೆ. ಹೊಗಾರ್ತ್ ಎಂಬ ಗಣಿತಜ್ಞನ ಬಾಯಿಂದ ಬರುವ ಕಥೆಯಲ್ಲಿ ಪುಟಗಟ್ಟಲೆ ಸಂವಾದವೇ ಇಲ್ಲ. ಸಂದೇಶದ ಒಂದು ಚೂರಿನಿಂದ ವಿಚಿತ್ರ ದ್ರವ್ಯವೊಂದನ್ನು ತಯಾರಿಸುತ್ತಾರೆ. ಅದರಿಂದ ಬಾಂಬು ಮಾಡಬಹುದೇ ಎಂಬುದೇ ಮೊದಲು ಏಳುವ ಪ್ರಶ್ನೆ. ಸಂದೇಶದ ಅರ್ಥ ಕಡೆಯವರೆಗೂ ದಕ್ಕುವುದಿಲ್ಲ. ಶಾಸನದ ಸವೆದ ಅಕ್ಷರಗಳನ್ನು ಓದಲು ಹೆಣಗಿ, ಪಾಠಕ್ಕಿಂತ ಹೆಚ್ಚಾಗಿ ತಮ್ಮ ಊಹೆಯನ್ನೇ ಓದಿಕೊಂಡ ಸಂಶೋಧಕರನ್ನು ಕಂಡವರಿಗೆ ಈ ಪುಸ್ತಕ ಚುಚ್ಚುತ್ತದೆ. ಪರಿಹಾರವನ್ನು ಬಯಸುವ ರಸಿಕರು ಇದನ್ನು ಅರ್ಧದಲ್ಲಿ ಕೆಳಗಿಡುವುದುಂಟು. ಅದರಿಂದ ನಷ್ಟ ಅವರದೇ.

ಕೆನಡಾದ ಪೀಟರ್ ವಾಟ್ಸ್ ಸಾಗರಜೀವವಿಜ್ಞಾನವನ್ನು ಓದಿದವರು. ಅವರ ‘ಬ್ಲೈಂಡ್‌ಸೈಟ್’ (೨೦೦೬) ಬುದ್ಧಿಗೆ ಪ್ರಜ್ಞೆ ಬೇಕೇ ಎಂಬ ಪ್ರಶ್ನೆಯನ್ನು ಕೇಳಿ, ಬೇಡವೆಂಬ ಉತ್ತರದ ಕಡೆಗೇ ವಾಲುತ್ತದೆ. ‘ನಾನು’ ಎಂಬುದೇ ಇಲ್ಲದೆ ಮನುಷ್ಯನನ್ನು ಮೀರಿಸುವ ಜೀವಿಗಳು ಇಲ್ಲಿವೆ. ಅವು ಮಾತನಾಡುತ್ತವೆ, ಆದರೆ ಆಡಿದ ಮಾತನ್ನು ತಿಳಿಯುವುದಿಲ್ಲ. ಅಹಂಕಾರವನ್ನು ನೀಗಿಕೊಳ್ಳುವುದನ್ನೇ ಪುರುಷಾರ್ಥವೆಂದ ದರ್ಶನಗಳ ನಾಡಿನ ಓದುಗನು ಬೆದರದೆ ಓದಬಹುದೆಂದು ತೋರೀತು. ಆದರೆ ವಾಟ್ಸರಲ್ಲಿ ಅಹಂ ಅಳಿದ ಮೇಲೆ ಉಳಿಯುವುದು ಬ್ರಹ್ಮವಲ್ಲ, ಬರಿಯ ದಕ್ಷತೆ. ಮಿದುಳಿನ ಅರ್ಧವನ್ನು ತೆಗೆಸಿಕೊಂಡ ನಿರೂಪಕನ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ತೊಡಕೂ ಜೊತೆಗಿದೆ. ಕೊನೆಯಲ್ಲಿ ಕೊಟ್ಟಿರುವ ಟಿಪ್ಪಣಿಗಳನ್ನು ಮೊದಲೇ ಓದಿಕೊಂಡರೆ ಹಾನಿಯೇನೂ ಇಲ್ಲ.

ಇವೆಲ್ಲವನ್ನೂ ದಾಟಿದವನಿಗೆ ಆಸ್ಟ್ರೇಲಿಯದ ಗ್ರೆಗ್ ಈಗನ್ ಅವರ ‘ಡಯಾಸ್ಪೊರ’ (೧೯೯೭). ಮೊದಲನೆಯ ಅಧ್ಯಾಯದಲ್ಲಿ ದೇಹವಿಲ್ಲದ ಒಂದು ಮನಸ್ಸು, ಗಣಕಯಂತ್ರದೊಳಗೆ, ತಂದೆತಾಯಿಗಳಿಲ್ಲದೆ, ಹಂತಹಂತವಾಗಿ ಹುಟ್ಟುತ್ತದೆ. ಮೊದಲು ಬರಿಯ ಸ್ಪಂದನ, ಆಮೇಲೆ ವಸ್ತುಗಳ ಗುರುತು, ಅನಂತರ ಇತರರ ಮನಸ್ಸಿನ ಊಹೆ, ಕಟ್ಟಕಡೆಗೆ ‘ನಾನು’. ಈ ಶತಮಾನಕ್ಕೆ ಹತ್ತಿರದ ಗದ್ಯದಲ್ಲಿ ಇದಕ್ಕೆ ಸಾಟಿಯಾದ ಅಧ್ಯಾಯಗಳು ಕೆಲವೇ. ಓದುಗರು ಸೋತು ಹಿಂದಿರುಗುವುದೂ ಇಲ್ಲಿಯೇ. ತಿಳಿಯದ ಶಬ್ದಗಳಿಗೆ ನಿಲ್ಲದೆ ಒಮ್ಮೆ ಓದಿ, ಮರುದಿನ ಮತ್ತೊಮ್ಮೆ ಓದುವುದು ಉಪಾಯ. ಮುಂದೆ ಆರು ಹೆಚ್ಚಿನ ಆಯಾಮಗಳ ಭೌತವಿಜ್ಞಾನ ಬರುತ್ತದೆ. ಅದು ಈಗನ್ನರ ಸ್ವಂತ ಕಲ್ಪನೆಯಾದುದರಿಂದ ಪಠ್ಯಪುಸ್ತಕ ಹುಡುಕಿ ಫಲವಿಲ್ಲ.

ಆ ಅನಾಥ ಮನಸ್ಸಿನ ಹೆಸರು ಯತೀಮ. ಸ್ವಾಹಿಲಿಯಲ್ಲಿ ಅನಾಥವೆಂದೇ ಅರ್ಥ. ಅರಬ್ಬಿಯಿಂದ ಬಂದ ಶಬ್ದವಾದುದರಿಂದ ‘ಯತೀಂಖಾನೆ’ಯನ್ನು ಕೇಳಿಬಲ್ಲ ಹೈದರಾಬಾದಿನ ಕನ್ನಡಿಗರಿಗೆ ಅಪರಿಚಿತವಲ್ಲ. ಯತೀಮ ಗಂಡಲ್ಲ, ಹೆಣ್ಣಲ್ಲ, ಜಡವಸ್ತುವೂ ಅಲ್ಲ. ಇಂಗ್ಲಿಷಿನಲ್ಲಿ ಈಗನ್ ಅದಕ್ಕೆಂದೇ ಬೇರೆ ಸರ್ವನಾಮಗಳನ್ನು ಬಳಸಿದ್ದಾರೆ. ಯಾರಾದರೂ ಈ ಅಧ್ಯಾಯವನ್ನು ಕನ್ನಡಿಸಲು ಕುಳಿತರೆ ಮೊದಮೊದಲು ದಾರಿ ಸಲೀಸು: ಕನ್ನಡದಲ್ಲಿ ಮಗು ನಪುಂಸಕ, ‘ಮಗು ಅತ್ತಿತು, ಮಗು ನೋಡಿತು’ ಎಂದರೆ ಯಾರ ಕಿವಿಗೂ ಒರಟಾಗದು. ‘ನಾನು’ ಎಂಬ ಅರಿವು ಮೂಡಿದ ಕ್ಷಣದಲ್ಲಿ ತೊಡಕು. ‘ಅದು’ ಎಂದರೆ ಅರಿವನ್ನು ಅಲ್ಲಗಳೆದಂತೆ; ‘ಅವನು’, ‘ಅವಳು’ ಎನ್ನುವಂತಿಲ್ಲ, ಕ್ರಿಯಾಪದವೂ ಲಿಂಗವನ್ನು ಹೇಳಿಬಿಡುತ್ತದೆ. ‘ಅವರು’ ಎಂದರೆ ವ್ಯಾಕರಣ ಒಪ್ಪುತ್ತದೆ, ಆದರೆ ಈಗತಾನೆ ಕಣ್ತೆರೆದ ಕೂಸಿಗೆ ಹಿರಿಯರ ಗೌರವ ಬಂದು ಕೂಡುತ್ತದೆ. ಹೊಸ ಸರ್ವನಾಮವೊಂದನ್ನು ಕಟ್ಟಬೇಕೆ, ಬಹುವಚನದಿಂದ ಗೌರವವನ್ನು ಬಿಡಿಸಬೇಕೆ ಎಂಬುದನ್ನು ಅನುವಾದಕನು ಎರಡನೆಯ ಅಧ್ಯಾಯಕ್ಕೆ ಕಾಲಿಡುವ ಮುನ್ನವೇ ತೀರ್ಮಾನಿಸಬೇಕಾಗುತ್ತದೆ.