ನೋವಿನ ಹಾಡು, ಯಂತ್ರದ ತಾಳ

1904ರಲ್ಲಿ ವಿಠ್ಠಲರಾವ ದಾತಾರರು ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದಂದಿನಿಂದ ಈ ಊರ ಮಕ್ಕಳು ಮಗ್ಗದ ಸಪ್ಪಳದಲ್ಲಿಯೇ ಬೆಳೆದಿದ್ದಾರೆ. ಆದರೂ ಯಂತ್ರದ ತಾಳಕ್ಕೆ ಭಾವವೊಗ್ಗದೆಂಬುದು ನಮ್ಮ ರಸಿಕರ ಸಾಮಾನ್ಯ ನಂಬಿಕೆ. 1983ರ ಮಾರ್ಚಿನಲ್ಲಿ ಹೊರಬಂದ 'ದಿ ಹರ್ಟಿಂಗ್' ಎಂಬ ಇಂಗ್ಲಿಷ್ ಗೀತಸಂಪುಟವನ್ನು ಕೇಳಿದ ಮೇಲೆ ಈ ನಂಬಿಕೆಯು ನಮಗೆ ಸರಿದೋರದು.

ಇದು ಇಂಗ್ಲಂಡದ ಬಾತ್ ಪಟ್ಟಣದ ರೋಲಂಡ್ ಒರ್ಜಾಬಲ್, ಕರ್ಟ್ ಸ್ಮಿತ್ ಎಂಬ ತರುಣರ ಚೊಚ್ಚಲ ಕೃತಿ. ಇಬ್ಬರೂ ತಂದೆತಾಯಿಗಳು ಅಗಲಿದ ಮನೆಗಳಲ್ಲಿ ಬೆಳೆದವರು. ಬಾಲ್ಯದಲ್ಲಿ ಮಗುವಿಗೆ ದೊರೆಯದೆ ಹೋದ ಪ್ರೀತಿಯು ನೋವಾಗಿ ಒಳಗೆ ಹೂತುಹೋಗುತ್ತದೆ, ಅದನ್ನು ಮತ್ತೆ ಅನುಭವಿಸಿ ಅತ್ತರೆ ಬಿಡುಗಡೆಯುಂಟು ಎಂದು ಅಮೇರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜಾನೋವ್ 1970ರ 'ದಿ ಪ್ರೈಮಲ್ ಸ್ಕ್ರೀಮ್' ಗ್ರಂಥದಲ್ಲಿ ಪ್ರತಿಪಾದಿಸಿದನು. ಈ ಚಿಕಿತ್ಸೆಗೆ ಶಾಸ್ತ್ರೀಯ ಸಮರ್ಥನೆ ದೊರೆತಿಲ್ಲ. ಆದರೆ ಭಯದ ಬದಲು ಕಣ್ಣೀರು ಎಂಬರ್ಥದ 'ಟಿಯರ್ಸ್ ಫಾರ್ ಫಿಯರ್ಸ್' ಎಂಬ ಹೆಸರನ್ನು ಈ ತರುಣರು ಆತನ ಬರವಣಿಗೆಯಿಂದಲೇ ಪಡೆದರು.

ಬೇಂದ್ರೆಯವರು ಮಗುವಿನ ಮರಣವನ್ನು ಕುರಿತು ಬರೆದ ಪ್ರಸಿದ್ಧ ಕವನದಲ್ಲಿ ಮಾತನಾಡುವವನು ತಂದೆ. ಇಲ್ಲಿಯಾದರೋ ನೊಂದ ಮಗುವೇ ಹಿರಿಯರೊಡನೆ ವಾದಕ್ಕೆ ನಿಂತಿದೆ. 'ಮ್ಯಾಡ್ ವರ್ಲ್ಡ್' ಹಾಡಿನಲ್ಲಿ ಹುಟ್ಟುಹಬ್ಬದ ಸಂತೋಷಕ್ಕಾಗಿ ಕಾಯುವ ಮಕ್ಕಳಿದ್ದಾರೆ. ಶಾಲೆಯಲ್ಲಿ ಅಂಜಿ ಕುಳಿತ ಹುಡುಗನಿದ್ದಾನೆ. ಗುರುವಿನ ಕಣ್ಣು ಅವನ ಮೇಲೆಯೇ ಇದ್ದರೂ ಅವನನ್ನು ಕಾಣುವುದಿಲ್ಲ. ನಮ್ಮಂಥ ಶಿಕ್ಷಕರು ಇಲ್ಲಿ ತುಸು ತಡೆದು ನಿಲ್ಲಲೇಬೇಕು. ನಲವತ್ತೈವತ್ತು ಮಕ್ಕಳ ಹಾಜರಿಯನ್ನು ಕೂಗಿ ಮುಗಿಸುವ ಅವಸರದಲ್ಲಿ ನಾವು ಯಾರ ಮುಖವನ್ನು ನೋಡಿರುತ್ತೇವೆ? ದುಃಖವನ್ನು ಹೇಳುವ ಈ ಹಾಡಿನ ತಾಳ ಮಾತ್ರ ಕುಣಿತದ್ದು. ಸಿಂಥಸೈಜರಿನ ಸ್ವರಗಳು ಕದಲದೆ ಸಾಗುತ್ತಿರಲು, ಸ್ಮಿತ್‌ನ ಸಣ್ಣ ದನಿ ಅವುಗಳ ನಡುವೆ ಒಂಟಿಯಾಗಿ ಕೇಳುತ್ತದೆ. ಮಗುವಿನ ಅಳಲಿಗೆ ಲೋಕದ ನಡಿಗೆ ನಿಲ್ಲದೆಂಬುದು ಹೀಗೆ ತಾಳದಿಂದಲೇ ಧ್ವನಿತವಾಗುತ್ತದೆ.

ಎಲ್ಲ ಹಾಡುಗಳೂ ಈ ಮಟ್ಟದವಲ್ಲ. 'ಐಡಿಯಾಸ್ ಆ್ಯಜ್ ಓಪಿಯೇಟ್ಸ್' ಜಾನೋವನ ಅಧ್ಯಾಯವೊಂದರ ಹೆಸರನ್ನೇ ಹೊತ್ತಿದೆ. ಅಲ್ಲಿ ಕವಿಗಿಂತ ಶಿಷ್ಯನೇ ಮುಂದಾಗಿದ್ದಾನೆ. ಸಿದ್ಧಾಂತವು ಚಿತ್ರವಾಗಿ ಕರಗದೆಡೆ ಹಾಡು ಪಾಠವಾಗುತ್ತದೆ.

ಮುಂದೆ ಮೈಕೆಲ್ ಆ್ಯಂಡ್ರೂಸ್, ಗ್ಯಾರಿ ಜೂಲ್ಸ್ ಎಂಬವರು 'ಮ್ಯಾಡ್ ವರ್ಲ್ಡ್' ಹಾಡನ್ನು ಯಂತ್ರತಾಳವಿಲ್ಲದೆ, ಪಿಯಾನೋದೊಡನೆ ವಿಳಂಬಗತಿಯಲ್ಲಿ ಹಾಡಿದರು. 1982ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯದಾಗಿದ್ದ ಹಾಡು 2003ರಲ್ಲಿ ಮೊದಲನೆಯದಾಯಿತು. ಕಣ್ಣು ಬೇಗ ತುಂಬಿಬರುವುದೇನೋ ನಿಜ. ಆದರೆ ಅಲ್ಲಿ ವಾದ್ಯವೂ ಹುಡುಗನೊಡನೆ ಅಳುತ್ತದೆ, ಮೊದಲಿನ ಒಂಟಿತನ ಅವನಿಗಿಲ್ಲ.