ಮಂಗಳದವರಿಗಿಂತ ಮೊದಲು ಬಂದ ಡ್ರಾಕುಲಾ

ಆರ್ಸನ್ ವೆಲ್ಸ್‌ನ ರೇಡಿಯೊ ನಾಟಕ ಅಂದರೆ ಎಲ್ಲರಿಗೂ ನೆನಪಾಗುವುದು 1938ರ ಅಕ್ಟೋಬರ್ 30ರ ರಾತ್ರಿ. ಎಚ್.ಜಿ. ವೆಲ್ಸ್ ಬರೆದ (ಇಬ್ಬರಿಗೂ ನೆಂಟಸ್ತಿಕೆಯಿಲ್ಲ) 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಆಡಿಸಿದ್ದು, ಮಂಗಳ ಗ್ರಹದವರು ನ್ಯೂಜೆರ್ಸಿಯಲ್ಲಿ ಇಳಿದೇಬಿಟ್ಟರೆಂದು ಜನ ಕಂಗಾಲಾಗಿದ್ದು. ಹೆದರಿದವರಿದ್ದರು, ನಿಜ. ಆದರೆ ಇಡೀ ಅಮೆರಿಕ ಬೀದಿಗೆ ಬಂತೆಂಬುದು ಮರುದಿನದ ಪತ್ರಿಕೆಗಳು ಊದಿ ಹೇಳಿದ್ದು. ಈ ಗದ್ದಲದಲ್ಲಿ ಅದೇ ತಂಡದ ಇನ್ನೂ ಒಳ್ಳೆಯ ಕೆಲಸ ಮೂಲೆಗೆ ಬಿತ್ತು ಎಂಬುದು ನನ್ನ ಹಳೆಯ ತಕರಾರು.

'ಮರ್ಕ್ಯುರಿ ಥಿಯೇಟರ್' ತಂಡ ಸಿಬಿಎಸ್ ರೇಡಿಯೊದಲ್ಲಿ ವಾರಕ್ಕೊಂದು ಕೃತಿಯನ್ನು ಒಂದು ಗಂಟೆಗೆ ಇಳಿಸಿ ನೇರಪ್ರಸಾರ ಮಾಡುತ್ತಿತ್ತು. ಸರಣಿಯ ಮೊದಲ ಹೆಸರು 'ಫಸ್ಟ್ ಪರ್ಸನ್ ಸಿಂಗ್ಯುಲರ್'. ಕಥೆಯನ್ನು ಅದರೊಳಗಿನವರೇ 'ನಾನು' ಎಂದು ಹೇಳಬೇಕು ಎಂಬುದು ಆರ್ಸನ್‌ನ ಹಟ. ಮೊದಲ ನಾಟಕ, ಅದೇ ವರ್ಷದ ಜುಲೈ 11ರಂದು, ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ'. ಆರ್ಸನ್‌ಗೆ ಆಗ 23 ವರ್ಷ.

ಆಯ್ಕೆಯಲ್ಲೇ ಅರ್ಧ ಗೆಲುವು. ಆ ಕಾದಂಬರಿ ತುಂಬ ದಿನಚರಿ, ಪತ್ರ, ತಂತಿ, ಹಡಗಿನ ದಾಖಲೆ. ರಂಗದ ಮೇಲೆ ಇದೆಲ್ಲ ತೊಡಕು. ರೇಡಿಯೊದಲ್ಲಿ ಬರೆದವನೇ ಮಾತಾಡಿದರೆ ಮುಗಿಯಿತು. ಡಿಮೀಟರ್ ಹಡಗಿನ ಭಾಗವನ್ನೇ ಕೇಳಿ. ಕ್ಯಾಪ್ಟನ್ ಆಗಿ ರೇ ಕಾಲಿನ್ಸ್ ದಿನದ ಲೆಕ್ಕ ಒಪ್ಪಿಸುತ್ತಾ ಹೋಗುತ್ತಾನೆ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಅಬ್ಬರವಿಲ್ಲ, ದಣಿದ ದನಿ, ಹಿಂದೆ ಬರ್ನಾರ್ಡ್ ಹರ್ಮನ್‌ನ ಸಂಗೀತ, ಅಷ್ಟೇ. ಹಡಗಿನಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸುವ ಕೆಲಸ ಕೇಳುಗನಿಗೇ ಬಿಟ್ಟದ್ದು. ಡ್ರಾಕುಲಾನೂ ಅವನನ್ನು ಬೇಟೆಯಾಡುವ ಡಾಕ್ಟರ್ ಸೀವರ್ಡನೂ ಆರ್ಸನ್ನೇ. ದ್ವಿಪಾತ್ರದ ಈ ಗತ್ತು ನನಗೆ ಸ್ವಲ್ಪ ಅತಿಯೆನಿಸುತ್ತದೆ. ಡ್ರಾಕುಲಾನ ಮಾತನ್ನು ಅವನು ವಿಪರೀತ ಎಳೆಯುತ್ತಾನೆ.

ಮಂಗಳದವರ ನಾಟಕಕ್ಕೂ ಸಲ್ಲಬೇಕಾದ್ದು ಸಲ್ಲಲಿ. ವರದಿಗಾರನ ಪಾತ್ರದ ಫ್ರಾಂಕ್ ರೀಡಿಕ್, 1937ರ ಹಿಂಡನ್‌ಬರ್ಗ್ ವಾಯುನೌಕೆ ದುರಂತದ ಧ್ವನಿಮುದ್ರಿಕೆಯನ್ನು ಮತ್ತೆಮತ್ತೆ ಕೇಳಿ ಗಂಟಲು ಹದ ಮಾಡಿಕೊಂಡಿದ್ದ. ಅವನ ಮಾತು ನಡುವೆ ತುಂಡಾಗಿ ಕೆಲವು ಸೆಕೆಂಡ್ ಏನೂ ಕೇಳಿಸುವುದಿಲ್ಲ. ರೇಡಿಯೊದಲ್ಲಿ ಮೌನ ಅಂದರೆ ಕೆಟ್ಟುಹೋಯಿತು ಎಂದೇ ಅರ್ಥ; ಎದೆ ಝಲ್ಲೆನ್ನುವುದು ಅಲ್ಲೇ. ಆದರೆ ಸುದ್ದಿಯ ವೇಷ ಕಳಚಿದ ಮೇಲೆ, ಕೊನೆಯ ಭಾಗದಲ್ಲಿ ಪ್ರೊಫೆಸರ್ ಪಾತ್ರದ ಸ್ವಗತ ಸಪ್ಪೆ.

ಆ ಡಿಸೆಂಬರ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಪ್ರಾಯೋಜಕನಾಗಿ ಬಂತು, ಸರಣಿಯ ಹೆಸರೂ ಬದಲಾಯಿತು. ಹೊಸ ಹೆಸರಿನ ಮೊದಲ ನಾಟಕ 'ರೆಬೆಕ್ಕಾ'. ಕೊನೆಗೆ ಲೇಖಕಿ ದಾಫ್ನೆ ದು ಮೊರಿಯೇ ಲಂಡನ್‌ನಿಂದ ಫೋನಿನಲ್ಲಿ ಮಾತಾಡಿದ್ದು ಆ ಕಾಲಕ್ಕೆ ದೊಡ್ಡ ಸಂಗತಿಯೇ. ನಾಟಕವೂ ಚೆನ್ನ. ಆದರೆ ನಡುನಡುವೆ ಸೂಪಿನ ಗುಣಗಾನ ಕೇಳಿ ಕೇಳಿ ಹಸಿವೇ ಸತ್ತುಹೋಗುತ್ತದೆ.

ಈ ನಾಟಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. 'ಡ್ರಾಕುಲಾ'ದಿಂದ ಶುರುಮಾಡಿ. ಧ್ವನಿಮುದ್ರಣ ಹಳೆಯದು, ಗರಗರ ಸದ್ದು ಇದ್ದೇ ಇದೆ; ಹೆಡ್‌ಫೋನ್ ಹಾಕಿಕೊಂಡು ಮೊದಲ ಐದು ನಿಮಿಷ ಸಹಿಸಿಕೊಳ್ಳಿ.